ಮುಸ್ಸಂಜೆಯ ಟಾರ್ಚು, ಕಡಲ ಪೆಂಗ್ವಿನ್ನು

ಮಗಳಿಗೆ ಏನು ಕೆಲಸ ಎಂದು ಕತ್ರಿಗುಪ್ಪೆಯಲ್ಲಿ ಯಾರಾದರೂ ಕೇಳಿದರೆ ನನ್ನ ಹೆಂಡತಿ, ವೈಲ್ಡ್‌ಲೈಫ್‌ನಲ್ಲಿದ್ದಾಳೆ ಎಂದು ಮಾತು ಮುಗಿಸುತ್ತಿದ್ದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ: ಆಸ್ಟ್ರೇಲಿಯಾದ ಒಂದು ದ್ವೀಪದಲ್ಲಿ ಸಂಜೆ ಹೊತ್ತು ಜನರಿಗೆ ಪೆಂಗ್ವಿನ್ ತೋರಿಸುತ್ತಾಳೆ. ಎಂ.ಎಸ್ಸಿ. ಓದಿ ಹಕ್ಕಿ ತೋರಿಸುವುದಾ ಎಂದು ಕೇಳಿದವರು ನಗುತ್ತಿದ್ದರು. ಆ ನಗುವಿಗೆ ಇವಳ ಮೈ ಉರಿಯುತ್ತಿತ್ತು.

ಹೋದ ವರ್ಷ ನಾವಿಬ್ಬರೂ ಅಲ್ಲಿಗೆ ಹೋದದ್ದು ಪೆಂಗ್ವಿನ್ ನೋಡಲು ಅಲ್ಲ, ಮಗಳನ್ನು ಕರೆತರಲು. ವಿಮಾನ ಹತ್ತುವ ಮೊದಲೇ ಇವಳು ಹಾಗೆಂದು ತೀರ್ಮಾನಿಸಿ, ಜೆ.ಪಿ. ನಗರದ ಕಾಲೇಜೊಂದರಲ್ಲಿ ಕೆಲಸವನ್ನೂ ನೋಡಿಟ್ಟಿದ್ದಳು. ಇಳಿದ ದಿನದಿಂದ ಕಾಫಿಗೊಮ್ಮೆ, ಊಟಕ್ಕೊಮ್ಮೆ ಅದೇ ಮಾತು. ಮಗಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒಂದು ಸಂಜೆ ನನ್ನ ಜೊತೆ ಬನ್ನಿ, ಆಮೇಲೆ ಮಾತಾಡೋಣ ಎಂದಳು.

ಕಡಲಿಗೆ ಎದುರಾಗಿ ಮರದ ಮೆಟ್ಟಿಲುಗಳ ಮೇಲೆ ತನ್ನ ಗುಂಪಿನ ಪ್ರವಾಸಿಗರ ಜೊತೆ ನಮ್ಮನ್ನೂ ಕೂರಿಸಿದಳು. ಸ್ವೆಟರ್ ಮೇಲೆ ಶಾಲು ಹೊದ್ದರೂ ಹಲ್ಲು ಕಟಕಟ. ಹಗಲೆಲ್ಲ ಮೀನು ಹಿಡಿದ ಪೆಂಗ್ವಿನ್‌ಗಳು ಕತ್ತಲಾಗುವಾಗ ದಡ ಹತ್ತಿ ಬಿಲಗಳಿಗೆ ನಡೆಯುತ್ತವೆ, ಬೆಳಕು ಕಂಡರೆ ಹೆದರುತ್ತವೆ, ಫೋನು ಹೊರಗೆ ತೆಗೆಯಬೇಡಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಇವಳೂ ತಲೆಯಾಡಿಸಿದಳು.

ಆದರೆ ಅಭ್ಯಾಸ ಬಿಡಬೇಕಲ್ಲ. ಮುಸ್ಸಂಜೆಯಲ್ಲಿ ದೀಪವಿಲ್ಲದೆ ಕೂರುವುದು ನಮ್ಮ ಮನೆಯಲ್ಲಿಲ್ಲ. ಕರೆಂಟ್ ಹೋಗಿದ್ದರೆ ಮೊಬೈಲಿನ ಟಾರ್ಚ್ ಹಾಕಿ ಅದಕ್ಕೇ ಕೈಮುಗಿಯುವ ಹೆಂಗಸು ಇವಳು. ಪೆಂಗ್ವಿನ್‌ಗಳ ಮೊದಲ ಗುಂಪು ನೊರೆಯಿಂದ ಎದ್ದು ನಿಂತಿತು, ಒಂದೊಂದೂ ಹಾಲಿನ ಕ್ಯಾನಿನಷ್ಟು ಎತ್ತರ. ಅದೇ ಹೊತ್ತಿಗೆ ನನ್ನ ಪಕ್ಕದಲ್ಲಿ ಫಕ್ಕನೆ ಬೆಳಕು. ಇವಳು ಟಾರ್ಚ್ ಹಾಕಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಕೈಮುಗಿದಿದ್ದಳು. ಪೆಂಗ್ವಿನ್‌ಗಳು ಗಕ್ಕನೆ ತಿರುಗಿ ಅಲೆಯೊಳಗೆ ಹೋಗಿಬಿಟ್ಟವು. ಹಿಂದಿನ ಸಾಲಿನವರು ಲೊಚಗುಟ್ಟಿದರು.

ಮಗಳು ಬಂದಳು. ಅಮ್ಮ ಎಂದು ಮುಲಾಜು ನೋಡಲಿಲ್ಲ. ಟಾರ್ಚ್ ಆಫ್ ಮಾಡಿ, ಇಲ್ಲದಿದ್ದರೆ ಹೊರಗೆ ಹೋಗಬೇಕಾಗುತ್ತದೆ ಎಂದು ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲೇ ಹೇಳಿದಳು. ಆಮೇಲೆ ಬಗ್ಗಿ, “ಮರಿಗಳು ಹಸ್ಕೊಂಡು ಕಾಯ್ತಿರ್ತಾವಮ್ಮ. ಕತ್ಲಾದ್ರೇನೇ ಇವು ಮನೆಗೆ ಬರೋದು” ಎಂದಳು. ಇವಳು ಟಾರ್ಚ್ ಆಫ್ ಮಾಡಿ ಫೋನನ್ನು ಶಾಲಿನೊಳಗೆ ಸೇರಿಸಿದಳು. ಮನೆ ಸೇರಿದ ಮೇಲೆ ಇದೆ ರಾಮಾಯಣ ಎಂದುಕೊಂಡೆ.

ಬಹಳ ಹೊತ್ತಿನ ಮೇಲೆ ಅವು ಮತ್ತೆ ಬಂದವು. ಮುಂದಿನದು ಒಂದಿಷ್ಟು ಓಡುತ್ತದೆ, ನಿಲ್ಲುತ್ತದೆ, ಹಿಂದಿನವು ಬಂದವೇ ಎಂದು ನೋಡುತ್ತದೆ. ಇವಳು ಮಾತ್ರ ಅವನ್ನು ಬಿಟ್ಟು ಮಗಳನ್ನೇ ನೋಡುತ್ತಿದ್ದಳು. ಮಗಳು ಒಂದು ಕೈ ಎತ್ತಿದರೆ ಸಾಕು, ಅಷ್ಟು ಜನವೂ ಗಪ್‌ಚುಪ್ ಆಗುತ್ತಿದ್ದರು.

ಕಾರಿನಲ್ಲಿ ಕೂತ ಮೇಲೆ ಮಗಳೇ ಮೊದಲು, “ಬೇಜಾರಾಯ್ತಾ?” ಎಂದು ಅಮ್ಮನನ್ನು ಕೇಳಿದಳು. ನಾನು ಜಾಣನಂತೆ ಕಿಟಕಿಯ ಕಡೆ ತಿರುಗಿದೆ.

“ಬೇಜಾರೇನಿಲ್ಲ ಕಣೆ. ನಿನ್ ಕೆಲ್ಸ ನೀನು ಮಾಡ್ದೆ,” ಎಂದಳು ಇವಳು. “ನಿಂಗೆ ಇದೇ ಸರಿ. ಇನ್ಮೇಲೆ ವಾಪಸ್ ಬಾ ಅಂತ ಕೇಳಲ್ಲ, ಬಿಡು.”

ನನಗೆ ಸಮಾಧಾನವಾಯಿತು. ಮಗಳು ಮಾತ್ರ ಗಾಡಿ ಸ್ಟಾರ್ಟ್ ಮಾಡದೆ ಸ್ಟೀರಿಂಗ್ ಹಿಡಿದು ಹಾಗೇ ಕೂತಳು. ಕತ್ತಲಲ್ಲಿ ಮುಖ ಕಾಣಲಿಲ್ಲ.

“ಕೇಳ್ತಾ ಇರಮ್ಮ,” ಎಂದಳು. “ನಾನು ಬರಲ್ಲ. ಆದ್ರೂ ಕೇಳ್ತಾ ಇರು.”