ಚೆನ್ಸ್ಟೊಹೋವಾದ ಮೇಣದಬತ್ತಿ

ಕಣ್ಣಿಗೆ ಕಾಣದ್ದನ್ನು ಕಂಡೆವೆನ್ನುವವರ ಮಾತಿಗೆ ನಾನು ಒಳಗೊಳಗೇ ನಗುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆಂದೂ ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ಅದರಲ್ಲಿ ನನ್ನ ಸಣ್ಣತನವೂ ಇದೆ.

ಆಗ ನಾನು ದೋಹಾದ ಅಲ್ ಸದ್ದ್‌ನಲ್ಲಿ ಒಂದು ಟ್ರಾವೆಲ್ ಏಜೆನ್ಸಿಯಲ್ಲಿದ್ದೆ. ಪಕ್ಕದ ಮೇಜಿನಲ್ಲಿ ಉಡುಪಿ ಕಡೆಯ ಲಿಗೋರಿ ಕೂರುತ್ತಿದ್ದರು. ನಾನು ಧಾರವಾಡದವನು, ಆಫೀಸಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಪೋಲೆಂಡ್ ಪ್ರವಾಸಗಳನ್ನೆಲ್ಲ ಅವರೇ ರೂಪಿಸುತ್ತಿದ್ದರು. ಕ್ರಾಕೋವ್‌ನ ದೊಡ್ಡ ಚೌಕ, ಗ್ಡಾನ್ಸ್ಕ್‌ನ ಬಂದರು, ಟೊರುನ್‌ನ ಶುಂಠಿ ಬಿಸ್ಕತ್ತು, ಎಲ್ಲವನ್ನೂ ಗಿರಾಕಿಗಳಿಗೆ ಕಣ್ಣಾರೆ ಕಂಡವರಂತೆ ವರ್ಣಿಸುತ್ತಿದ್ದರು. ಆದರೆ ಆ ದೇಶಕ್ಕೆ ಕಾಲಿಟ್ಟವರಲ್ಲ.

ಅಲ್ಲಿಯ ಚೆನ್ಸ್ಟೊಹೋವಾ ಊರಿನ ಮಠದಲ್ಲಿರುವ ಕಪ್ಪು ಮೇರಿಮಾತೆಯ ಚಿತ್ರವನ್ನು ನೋಡಬೇಕೆಂಬುದು ಅವರ ಹೆಂಡತಿಯ ಆಸೆಯಾಗಿತ್ತು. ಆಕೆ ಊರಿನಲ್ಲಿ ತೀರಿಕೊಂಡಾಗ, ಕತಾರ್ ಬಿಟ್ಟು ಹೊರಡಲು ಬೇಕಾದ ಪರ್ಮಿಟ್‌ಗೆ ಮಾಲೀಕನ ಸಹಿ ಸಿಗುವಷ್ಟರಲ್ಲಿ ಮಣ್ಣು ಮುಗಿದಿತ್ತು.

2008ರ ಚಳಿಗಾಲದಲ್ಲಿ ನಮ್ಮ ಸಿಬ್ಬಂದಿಯಲ್ಲಿ ಒಬ್ಬರಿಗೆ ಪೋಲೆಂಡ್ ನೋಡಿಬರಲು ಪುಕ್ಕಟೆ ಅವಕಾಶ ಬಂತು. ಅದು ಲಿಗೋರಿಯವರದೇ ಎಂದು ಎಲ್ಲರಿಗೂ ಗೊತ್ತಿತ್ತು. ಮ್ಯಾನೇಜರ್ ನನ್ನ ಅಭಿಪ್ರಾಯ ಕೇಳಿದ. ಅವರಿಗೆ ಸಕ್ಕರೆ ಕಾಯಿಲೆ, ಆ ಚಳಿ ತಡೆಯಲಾರರು ಎಂದೆ. ಹೋದದ್ದು ನಾನು.

ಹೊರಡುವ ದಿನ ಲಿಗೋರಿ ಕೇಳಿದ್ದು ಇಷ್ಟೇ: "ಆ ಮಠದಲ್ಲಿ ನನ್ನ ಹೆಂಡತಿ ಹೆಸರಲ್ಲಿ ಒಂದು ಮೇಣದಬತ್ತಿ ಹೊತ್ತಿಸಿ, ಆಯ್ತಾ?"

ಮಠದ ಗೇಟಿನವರೆಗೆ ಹೋದೆ. ಹಿಮ ಬೀಳುತ್ತಿತ್ತು, ಒಳಗೆ ಉದ್ದದ ಸಾಲು. ಜೊತೆಯವರೆಲ್ಲ ಕಾಫಿಗೆ ಹೋಗಿದ್ದರು. ಹಸಿರು ಸ್ಕಾರ್ಫ್ ಕಟ್ಟಿದ್ದ ಮುದುಕಿಯೊಬ್ಬಳು ನನ್ನ ತೋಳು ಹಿಡಿದು ಒಳಗೆ ಬಾ ಎಂಬಂತೆ ಎಳೆದಳು. ಕೈ ಕೊಡವಿಕೊಂಡು ನಾನೂ ಕಾಫಿಗೆ ಹೋದೆ. ಯಾರಿಗೂ ಇದನ್ನು ಹೇಳಲಿಲ್ಲ.

ದೋಹಾಕ್ಕೆ ಮರಳಿದ ಬೆಳಿಗ್ಗೆ ಲಿಗೋರಿ ಚಹಾ ತಂದುಕೊಟ್ಟರು. "ಹೊತ್ತಿಸಿದ್ರಾ?"

"ಹ್ಞೂಂ ರೀ, ಹಚ್ಚಿ ಬಂದೀನಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಇಲ್ಲ ಮಾರಾಯ್ರೆ. ನೀವು ಗೇಟಿನ ತನಕ ಬಂದದ್ದು ಮಾತ್ರ. ಆ ಹಸಿರು ಸ್ಕಾರ್ಫಿನ ಅಜ್ಜಿ ಕರೆದ್ರು, ನೀವು ಕೈ ಕೊಡವಿ ಹೋದ್ರಿ. ಪರವಾಗಿಲ್ಲ. ನಾನೇ ಒಳಗೆ ಹೋಗಿ ಹೊತ್ತಿಸಿದೆ."

ಅಷ್ಟು ಹೇಳಿ ತಮ್ಮ ಮೇಜಿಗೆ ಹೋಗಿ ಕಂಪ್ಯೂಟರ್ ಹಾಕಿದರು. ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು.

ಆಮೇಲೆ ನಾನು ಮಠಕ್ಕೆ ಹೋಗಿದ್ದ ದಿನದ ಬುಕಿಂಗ್‌ಗಳನ್ನು ತೆಗೆದು ನೋಡಿದೆ. ನಾನು ಗೇಟಿನಲ್ಲಿ ನಿಂತಾಗ ಅಲ್ಲಿ ಮೂರು ಗಂಟೆ, ಇಲ್ಲಿ ಐದು. ಸರಿಯಾಗಿ ಐದಕ್ಕೆ ಲಿಗೋರಿ ದೋಹಾದ ಅಲ್ ಅಜೀಜಿಯಾ ಬಡಾವಣೆಯ ಒಂದು ಕುಟುಂಬಕ್ಕೆ ಮಂಗಳೂರಿನ ಟಿಕೆಟ್ ಮಾಡಿಕೊಟ್ಟಿದ್ದರು. ಲಿಗೋರಿ ಆ ಹೊತ್ತಿನಲ್ಲಿ ಕುರ್ಚಿ ಬಿಟ್ಟು ಎದ್ದಿರಲೇ ಇಲ್ಲ ಎಂದು ರಿಸೆಪ್ಶನ್ನಿನ ಮಲಯಾಳಿ ಹುಡುಗಿಯೂ ಹೇಳಿದಳು.

ಎರಡು ತಿಂಗಳಲ್ಲಿ ಅವರು ಕೆಲಸ ಬಿಟ್ಟು ಊರಿಗೆ ಹೋದರು. ಅಷ್ಟು ದಿನವೂ ಪಕ್ಕದಲ್ಲೇ ಇದ್ದರು. ಕೇಳಬಹುದಿತ್ತು. ಆದರೆ ಹೇಗೆ ಕಂಡಿರಿ ಎಂದು ಕೇಳಿದರೆ, ನಾನು ಒಳಗೆ ಹೋಗಿಲ್ಲವೆಂದು ಒಪ್ಪಿಕೊಂಡಂತೆ. ಅದಕ್ಕೇ ಕೇಳಲಿಲ್ಲ.