ಬಾಣಂತಿಯಲ್ಲದವಳ ಎಣ್ಣೆನೀರು

ಸೈಕಲ್ ಕಲಿಯಲು ಹೊರಟ ನಾಲ್ಕನೆಯ ದಿನ ನನಗೆ ಊಟದ ಮಣೆಯಿಂದ ಏಳಲಾಗಲಿಲ್ಲ. ಬಲಗೈ ಎಂಜಲು, ಗೋಡೆ ಹಿಡಿಯುವ ಹಾಗಿಲ್ಲ. ಎಡಗೈಯನ್ನು ನೆಲಕ್ಕೂರಿ ಅರ್ಧ ಎದ್ದವಳು ಮತ್ತೆ ಕುಸಿದು ಕೂತೆ. ತೊಡೆಗಳೆರಡೂ ನನ್ನವಲ್ಲ ಅನ್ನಿಸುತ್ತಿತ್ತು. ಮನೆಯ ಯಜಮಾನಿ ಸೌಟು ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದರು. ನಗಬೇಕೋ ಮರುಗಬೇಕೋ ಅವರಿಗೇ ಗೊತ್ತಾಗಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೆಳುವಾಯಿಯವಳಾದ ನಾನು ಗ್ರಾಮಸೇವಿಕೆಯಾಗಿ ಪುಂಜಾಲಕಟ್ಟೆಗೆ ಬಂದಿದ್ದೆ. ವಯಸ್ಸು ಇಪ್ಪತ್ತೊಂದು, ಮದುವೆಯಾಗಿರಲಿಲ್ಲ. ಹಳ್ಳಿಯ ಹೆಂಗಸರಿಗೆ ಹೊಲಿಗೆ, ಹೊಗೆಯಿಲ್ಲದ ಒಲೆ, ಮಕ್ಕಳ ಆಹಾರ ಇವನ್ನೆಲ್ಲ ಹೇಳಿಕೊಡುವುದು ನನ್ನ ಕೆಲಸ. ‘ಸೇವಿಕೆ’ ಎಂಬುದು ಬಾಯಿಗೆ ಹಿಡಿಸದೆ ಊರಿನವರು ನನ್ನನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಮಕ್ಕಳಿಲ್ಲದ ಒಬ್ಬ ವಿಧವೆಯ ಮನೆಯ ಮುಂದಿನ ಕೋಣೆಯಲ್ಲಿ ನನ್ನ ವಾಸ, ಅವರದೇ ಅಡುಗೆ.

ಆಫೀಸಿನಿಂದ ಒಂದು ಲೇಡೀಸ್ ಸೈಕಲ್ ಬಂತು. ಅದರ ಜೊತೆ ಒಂದು ಮಾತೂ ಬಂತು: ತಿಂಗಳ ಕೊನೆಗೆ ಸಾಹೇಬರು ಬರುತ್ತಾರೆ, ಅವರ ಎದುರು ಸೈಕಲ್ ಬಿಟ್ಟು ತೋರಿಸಬೇಕು, ಆಗದಿದ್ದರೆ ಕೆಲಸ ಬೇರೆಯವರಿಗೆ. ಮನೆಯಿಂದ ಕಳುಹಿಸುವಾಗಲೇ ಅಪ್ಪ, “ಆಗದಿದ್ದರೆ ಬಂದುಬಿಡು, ಗಂಡು ನೋಡಿ ಇಟ್ಟಿದ್ದೇನೆ” ಎಂದಿದ್ದರು. ಆ ಗಂಡಿನ ಮೇಲೆ ನನಗೇನೂ ದ್ವೇಷವಿರಲಿಲ್ಲ, ನಾನು ಅವನನ್ನು ನೋಡಿಯೇ ಇರಲಿಲ್ಲ. ಆದರೆ ಸೋತು ಹಿಂದೆ ಹೋಗಿ ಅವನ ಎದುರು ಕಾಫಿ ಲೋಟ ಹಿಡಿದು ನಿಲ್ಲುವುದನ್ನು ನೆನೆದರೆ ಮೈಯೆಲ್ಲ ಉರಿಯುತ್ತಿತ್ತು.

ಬೆಳಿಗ್ಗೆ ಶಾಲೆ ಶುರುವಾಗುವ ಮೊದಲು ಮೈದಾನದಲ್ಲಿ ಡ್ರಿಲ್ ಮಾಸ್ಟ್ರು ಹಿಂದಿನಿಂದ ಸೀಟು ಹಿಡಿದು ಓಡುತ್ತಿದ್ದರು. ಮೂರು ಮಕ್ಕಳ ತಂದೆ, ಸಾಧು ಮನುಷ್ಯ. ನಾನೋ ಹಠಮಾರಿ. ಒಂದು ಗಂಟೆ ಸಾಕು ಎಂದರೆ ಎರಡು ಗಂಟೆ ತುಳಿಯುತ್ತಿದ್ದೆ. ನಾಲ್ಕನೆಯ ದಿನಕ್ಕೆ ಬೀಳದೆ ಒಂದು ಸುತ್ತು ಬಂದೆ, ಅದೇ ದಿನ ಮಣೆಯಿಂದ ಏಳಲಾಗದೆ ಕೂತೆ.

ಎರಡು ದಿನ ಮಲಗಿದರೆ ಸರಿಯಾದೀತು ಎಂದುಕೊಂಡು ಮಲಗಿದೆ. ಸರಿಯಾಗಲಿಲ್ಲ, ಇನ್ನಷ್ಟು ಸೆಟೆಯಿತು. ಮಳೆಯಲ್ಲಿ ನೆನೆದು ಹಾಗೇ ಒಣಗಿದ ಹಗ್ಗದ ಹಾಗಾಗಿದ್ದವು ಕಾಲುಗಳು. ಅಂಗಳದ ಮೂರು ಮೆಟ್ಟಿಲು ಇಳಿಯಲು ಹಿಮ್ಮುಖವಾಗಿ ಹೋಗಬೇಕಿತ್ತು. ಪಾಯಖಾನೆಯಲ್ಲಿ ಪಟ್ಟ ಪಾಡನ್ನು ಬರೆಯುವುದಿಲ್ಲ. ಡಾಕ್ಟರರಲ್ಲಿಗೆ ಹೋದರೆ ಆಫೀಸಿಗೆ ಸುದ್ದಿ ಮುಟ್ಟುತ್ತದೆ, ‘ದೈಹಿಕವಾಗಿ ಅಶಕ್ತೆ’ ಎಂದು ಬರೆದುಬಿಡುತ್ತಾರೆ ಎಂಬ ಭಯ ಬೇರೆ.

ಯಜಮಾನಿಗೆ ಹೆಂಗಸರ ಮೈಯ ವಿಷಯ ಬಲ್ಲವರೆಂದರೆ ಒಬ್ಬರೇ: ಬಾಣಂತಿಯರನ್ನು ಮೀಯಿಸುವ ಅಜ್ಜಿ. ಸುತ್ತಮುತ್ತ ಎಲ್ಲಿ ಹೆರಿಗೆಯಾದರೂ ತಾಯಿಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯಲು ಅವರೇ ಆಗಬೇಕು. ಯಜಮಾನಿ ಹೇಳಿಕಳುಹಿಸಿದರು. ಅಜ್ಜಿ ಹಾಡಹಗಲೇ ಲಕ್ಕಿಸೊಪ್ಪಿನ ದೊಡ್ಡ ಕಟ್ಟನ್ನು ತಲೆಯ ಮೇಲೆ ಹೊತ್ತು, ಜಂಕ್ಷನ್ನಿನ ಹೋಟೆಲಿನ ಎದುರಿನಿಂದಲೇ ನಡೆದು ಬಂದರು.

ಹಂಡೆಯಲ್ಲಿ ಲಕ್ಕಿಸೊಪ್ಪು, ಹುಣಸೆ ಸೊಪ್ಪು ಹಾಕಿ ನೀರು ಕುದಿಸಿದರು. ಬೆಳ್ಳುಳ್ಳಿ, ಓಮ ಹಾಕಿ ಕಾಸಿದ ಎಣ್ಣೆಯನ್ನು ತೊಡೆಯಿಂದ ಹಿಮ್ಮಡಿಯವರೆಗೆ ತಿಕ್ಕಿದರು. ನಾನು ಚೀರಿದೆ.

“ಹೆತ್ತವರೂ ಇಷ್ಟು ಕೂಗುವುದಿಲ್ಲ ಮಾರಾಯ್ತಿ,” ಎಂದರು ಅಜ್ಜಿ.

ಆಮೇಲೆ ಎತ್ತರದಿಂದ ಚೊಂಬು ಚೊಂಬು ಬಿಸಿನೀರನ್ನು ಎಸೆದರು. ಹೌದು, ಹೊಯ್ದದ್ದಲ್ಲ, ಎಸೆದದ್ದು. ಕಡೆಗೆ ಹುರುಳಿ ಸಾರು ಕುಡಿಸಿ, “ಇನ್ನು ಮಲಗಬೇಡ. ಅಂಗಳದಲ್ಲಿ ಮೆಲ್ಲ ನಡೆ. ಮಲಗಿದ ಕಾಲು ಮಲಗಿಯೇ ಇರ್ತದೆ” ಎಂದರು. ನೇಜಿ ನೆಡುವ ಹೆಂಗಸರು ಮೊದಲ ದಿನದ ಸೊಂಟನೋವಿಗೆ ಮರುದಿನ ಮನೆಯಲ್ಲಿ ಕೂರುತ್ತಾರಾ, ಮತ್ತೆ ಗದ್ದೆಗೇ ಇಳಿಯುವುದಲ್ಲವಾ ಎಂದು ಕೇಳಿದರು. ಆ ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರವಾಗಲಿಲ್ಲ. ಮರುದಿನವೂ ಅಜ್ಜಿ ಬಂದರು, ಅದೇ ಸೊಪ್ಪು, ಅದೇ ಎಣ್ಣೆ, ಅದೇ ನೀರು.

ಅಂದು ಸಂಜೆ ಪಕ್ಕದ ಮನೆಯ ಹೆಂಗಸು ಸೆರಗಿನಲ್ಲಿ ಏನೋ ಮುಚ್ಚಿಕೊಂಡು ನನ್ನ ಕೋಣೆಗೆ ಬಂದರು. ಓಮ ಮತ್ತು ಬೆಲ್ಲದ ಪೊಟ್ಟಣ. ನನ್ನ ಕೈಯಲ್ಲಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು, “ನಾನು ಯಾರಿಗೂ ಹೇಳುವುದಿಲ್ಲ ಟೀಚರ್. ಮಗು ನೆರಿಯದ ಕಡೆ ಚೆನ್ನಾಗಿ ಉಂಟಂತಲ್ಲ?” ಎಂದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬಾಣಂತಿ ಮೀಯಿಸುವವರು ಬಂದಿದ್ದಾರೆ, ಬಚ್ಚಲಲ್ಲಿ ಎರಡು ದಿನದಿಂದ ಹೊಗೆ, ಅಂಗಳದಲ್ಲಿ ಬೆಳ್ಳುಳ್ಳಿ ಎಣ್ಣೆಯ ವಾಸನೆ, ಟೀಚರ್ ಕಾಲು ಅಗಲಿಸಿ ನಡೆಯುತ್ತಾರೆ. ಆ ಮನೆಯಲ್ಲಿ ಹೆರುವ ವಯಸ್ಸಿನವಳು ನಾನೊಬ್ಬಳೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮಗುವನ್ನು ಹುಟ್ಟಿಸಿ, ಅದನ್ನು ನೆರಿಯ ಎಂಬ ಊರಿನಲ್ಲಿ ಯಾರಿಗೋ ಸಾಕಲು ಕೊಟ್ಟು, ಪಾಪದ ಡ್ರಿಲ್ ಮಾಸ್ಟ್ರ ತಲೆಗೂ ಕಟ್ಟಿಯಾಗಿತ್ತು. ಮರುದಿನ ಬೆಳಿಗ್ಗೆ ಹೊಲಿಗೆ ಕ್ಲಾಸಿಗೆ ಒಬ್ಬರೂ ಬರಲಿಲ್ಲ.

ಈಗ ನಗು ಬರುತ್ತದೆ. ಆಗ ನಗುವ ಹಾಗಿರಲಿಲ್ಲ. ಸಾಹೇಬರ ಕಿವಿಗೆ ಇದು ಬಿದ್ದರೆ ಕೆಲಸ ಹೋಗುತ್ತದೆ, ಅಪ್ಪನ ಕಿವಿಗೆ ಬಿದ್ದರೆ ಮನೆಯೇ ಹೋಗುತ್ತದೆ. ಆ ಹೆದರಿಕೆಯಲ್ಲಿ ನಾನೊಂದು ತಪ್ಪು ಮಾಡಿದೆ. ಆ ದಿನ ಸೊಪ್ಪು ಹೊತ್ತು ಬಂದ ಅಜ್ಜಿಯನ್ನು ಮೆಟ್ಟಿಲಲ್ಲೇ ನಿಲ್ಲಿಸಿದೆ.

“ಅಜ್ಜಿ, ಇನ್ನು ಮೇಲೆ ಕತ್ತಲಾದ ಮೇಲೆ ಬನ್ನಿ. ಹಿಂದಿನ ಬಾಗಿಲಿಂದ.”

ಅಜ್ಜಿ ಸೊಪ್ಪಿನ ಕಟ್ಟನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಊರು ಏನು ಹೇಳುತ್ತಿದೆ ಎಂಬುದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ.

“ನಾನು ಕದಿಯಲು ಬಂದವಳಲ್ಲ, ಮಗಾ. ನಲುವತ್ತು ವರ್ಷ ಆಯಿತು, ಎಲ್ಲಿಗೆ ಹೋದರೂ ಎದುರಿನಿಂದಲೇ ಹೋದದ್ದು. ಹಿಂದಿನ ಬಾಗಿಲಿಂದ ಹೋದರೆ ಅವರು ಹೇಳುವುದು ಹೌದು ಅಂತ ಆಗ್ತದೆ.”

ಸೊಪ್ಪನ್ನು ಅಲ್ಲೇ ಬಿಟ್ಟು ಹೊರಟುಹೋದರು. ನಾನು ಕರೆಯಲಿಲ್ಲ. ಕರೆದರೆ ಎದುರುಮನೆಗೆ ಕೇಳಿಸುತ್ತದಲ್ಲ! ಒಳಗೆ ಬಂದು ಬಾಗಿಲು ಹಾಕಿ ಮಲಗಿದೆ. ಸಂಜೆಗೆ ಕಾಲು ಪುನಃ ಮರಗಟ್ಟಿತು.

ಮರುದಿನ ಮಧ್ಯಾಹ್ನ ಯಜಮಾನಿ ಅಂಗಡಿಯಿಂದ ಏದುಸಿರು ಬಿಡುತ್ತಾ ಬಂದರು. ಅಜ್ಜಿ ಜಂಕ್ಷನ್ನಿನಲ್ಲಿ, ಬಸ್ಸಿಗೆ ಕಾದವರೆಲ್ಲ ಕೇಳುವ ಹಾಗೆ, ಹೋಟೆಲಿನ ಜಗಲಿಯ ಮೇಲಿದ್ದವರಿಗೆ ಹೇಳಿದರಂತೆ: “ನಿಮ್ಮಲ್ಲಿ ಅರ್ಧ ಜನರ ತಾಯಂದಿರನ್ನು ಮೀಯಿಸಿದ್ದು ನಾನು. ಬಾಣಂತಿ ಯಾರು, ಅಲ್ಲದವಳು ಯಾರು ಅಂತ ನನಗೆ ನೀವು ಹೇಳಿಕೊಡುವುದಾ? ನಾಳೆ ಬೆಳಿಗ್ಗೆ ಟೀಚರ್ ಈ ರಸ್ತೆಯಲ್ಲಿ ಸೈಕಲಿನಲ್ಲಿ ಹೋಗ್ತಾರೆ. ವಾರದ ಬಾಣಂತಿ ಸೈಕಲ್ ತುಳಿಯುವುದನ್ನು ಎಲ್ಲಿಯಾದರೂ ಕಂಡಿದ್ದೀರಾ? ಬಂದು ನೋಡಿ.”

“ನನ್ನನ್ನು ಕೇಳದೆ?” ಎಂದೆ.

“ಕೇಳಿದ್ದರೆ ನೀನು ಹೂಂ ಅನ್ನುತ್ತಿದ್ದೆಯಾ?” ಎಂದರು ಯಜಮಾನಿ. “ಮೆಲ್ಲ ತುಳಿಯಬೇಕಂತೆ. ಮೊದಲು ನೋವು ಜಾಸ್ತಿ ಆಗ್ತದಂತೆ, ಇಳಿಯಬಾರದಂತೆ. ತಿರುವಿನವರೆಗೆ ಹೋದರೆ ಕಾಲು ತಾನೇ ಸಡಿಲ ಆಗ್ತದೆ ಅಂತ ಹೇಳಿದ್ದಾರೆ.”

ನಾನು ಅದುವರೆಗೆ ಮೈದಾನ ಬಿಟ್ಟು ರಸ್ತೆಗೆ ಇಳಿದವಳಲ್ಲ. ಬೆಳಿಗ್ಗೆ ಯಜಮಾನಿಯೇ ಎಣ್ಣೆ ಬಿಸಿ ಮಾಡಿ ಕೊಟ್ಟರು, ನಾನೇ ತಿಕ್ಕಿಕೊಂಡೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಮೊದಲ ಹತ್ತು ತುಳಿತಕ್ಕೆ ಕಣ್ಣಲ್ಲಿ ನೀರು ಬಂತು. ಹೋಟೆಲಿನ ಜಗಲಿಯಲ್ಲಿ ಹಬ್ಬದ ದಿನದಷ್ಟು ಜನ. ಎದುರುಮನೆಯವರು, ಪಕ್ಕದ ಮನೆಯವರು, ಹೊಲಿಗೆಗೆ ಬಾರದೆ ಹೋದವರು, ಎಲ್ಲರೂ ಇದ್ದರು. ನಾನು ಹುಡುಕಿದ್ದು ಒಂದೇ ಮುಖವನ್ನು, ಅದು ಅಲ್ಲಿರಲಿಲ್ಲ. ಹಲ್ಲು ಕಚ್ಚಿ ತುಳಿದೆ. ಬೆಳ್ತಂಗಡಿ ಕಡೆಯ ತಿರುವು ಬರುವಷ್ಟರಲ್ಲಿ ತೊಡೆಯೊಳಗೆ ಏನೋ ಬಿಸಿಯಾಗಿ ಸಡಿಲವಾಯಿತು. ಅಜ್ಜಿ ಹೇಳಿದ ಜಾಗದಲ್ಲೇ. ತಿರುಗಿ ಬರುವಾಗ ಪಕ್ಕದ ಮನೆಯ ಹೆಂಗಸು ಮುಖ ಕೆಳಗೆ ಹಾಕಿ ನಕ್ಕರು.

ತಿಂಗಳ ಕೊನೆಗೆ ಸಾಹೇಬರು ಬಂದರು, ನೋಡಿದರು, ರುಜು ಹಾಕಿದರು. ಅಪ್ಪನ ಗಂಡು ಬೇರೆಯವಳನ್ನು ಕಟ್ಟಿಕೊಂಡ.

ಅಜ್ಜಿಯ ಮನೆ ಎರಡು ಮೈಲಿ ದೂರ. ಸೈಕಲ್ ಬಂದ ಮೇಲೆ ಅದೇನೂ ದೂರವಲ್ಲ. ಆದರೂ ಅಲ್ಲಿಗೆ ಹೋಗಲು ನನಗೆ ಮೂರು ತಿಂಗಳು ಬೇಕಾಯಿತು. ಕೆಲಸ ಜಾಸ್ತಿ ಎಂದು ನನಗೇ ಹೇಳಿಕೊಳ್ಳುತ್ತಿದ್ದೆ, ಸುಳ್ಳು. ನಾಚಿಕೆ. ಮೈಯ ನೋವಿಗೆ ಅಜ್ಜಿ ಹೇಳಿದ ಮದ್ದು ಇದಕ್ಕೂ ಸಲ್ಲುತ್ತದೆ, ಮೊದಲು ನೋವು ಜಾಸ್ತಿಯಾದರೂ ಇಳಿಯಬಾರದು ಎಂದು ನನಗೆ ಹೊಳೆಯಲು ಅಷ್ಟು ದಿನ ಹಿಡಿಯಿತು.

ಅಜ್ಜಿ ಅಂಗಳದಲ್ಲಿ ಕೂತು ಸೌದೆ ಒಡೆಯುತ್ತಿದ್ದರು.

“ಕಾಲು ಹೇಗುಂಟು?” ಎಂದು ಕೇಳಿದರು, ನಿನ್ನೆಯಷ್ಟೇ ಬಿಟ್ಟುಹೋದವರ ಹಾಗೆ.

“ಚೆನ್ನಾಗುಂಟು. ಅಜ್ಜಿ, ನಾನು ಅಂದು ಹೇಳಿದ್ದು ತಪ್ಪಾಯಿತು.”

“ಎಂಥದ್ದು?” ಎಂದು ಕೊಡಲಿ ಕೆಳಗಿಟ್ಟು ಏಳಲು ಹೋದವರು ಸೊಂಟ ಹಿಡಿದುಕೊಂಡು ನಿಂತರು. ಅರ್ಧ ಎದ್ದು ಅಲ್ಲೇ ನಿಂತ ಆ ಭಂಗಿ ನನಗೆ ಚೆನ್ನಾಗಿ ಗೊತ್ತಿತ್ತು.

ಅವರು ಬೇಡ ಬೇಡ ಎಂದರೂ ಕ್ಯಾರಿಯರಿನಲ್ಲಿ ಕೂರಿಸಿದೆ. ಏರು ಬಂದಲ್ಲಿ ಇಳಿಸಿ ನಡೆಸಿದೆ, ಜಂಕ್ಷನ್ನಿನಲ್ಲಿ ಮಾತ್ರ ಇಳಿಸಲಿಲ್ಲ. ಹೋಟೆಲಿನ ಎದುರು ಬೆಲ್ಲು ಹೊಡೆದುಕೊಂಡು ಹೋದೆ. ಅಜ್ಜಿ ಒಂದು ಕೈಯಲ್ಲಿ ನನ್ನ ಸೊಂಟ ಹಿಡಿದು, ಇನ್ನೊಂದರಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಎದುರಿನ ಬಾಗಿಲಿಂದಲೇ ಒಳಗೆ ಕರೆದುಕೊಂಡು ಹೋದೆ.

ಹಂಡೆಯಲ್ಲಿ ನೀರು ಕುದಿಯುತ್ತಿತ್ತು, ಈ ಸಲ ಅವರನ್ನು ನಾನೇ ಮೀಯಿಸಬೇಕೆಂದು ಸೊಪ್ಪನ್ನು ಬೆಳಿಗ್ಗೆಯೇ ಹಾಕಿ, ಒಲೆಯನ್ನು ಯಜಮಾನಿಗೆ ಒಪ್ಪಿಸಿ ಹೋಗಿದ್ದೆ. ಅವರ ಬೆನ್ನಿಗೆ, ಸೊಂಟಕ್ಕೆ ಎಣ್ಣೆ ತಿಕ್ಕಿದೆ. ಅವರ ಹಾಗೆ ನೀರನ್ನು ಎಸೆಯಲು ನನಗೆ ಬರುತ್ತಿರಲಿಲ್ಲ, ಮೆಲ್ಲನೆ ಹೊಯ್ದೆ.

“ನಿಮ್ಮ ಬಾಣಂತನದಲ್ಲಿ ಯಾರು ಮೀಯಿಸಿದ್ದು ಅಜ್ಜಿ?”

“ನಾಲ್ಕು ಹೆತ್ತೆ. ಮೀಯಿಸುವವಳು ನಾನೇ ಅಲ್ಲವಾ, ನನಗೆ ಮತ್ತೆ ಯಾರು? ನಾನೇ ಹೊಯ್ದುಕೊಂಡೆ.” ಇನ್ನೊಂದು ಚೊಂಬು ನೀರು ಬೆನ್ನ ಮೇಲೆ ಇಳಿದ ಮೇಲೆ ಮುಖ ತಿರುಗಿಸದೆ ಹೇಳಿದರು: “ಹೊಯ್ಸಿಕೊಳ್ಳುವಾಗ ಹೀಗೆ ಆಗ್ತದಾ! ನನಗೆ ಗೊತ್ತೇ ಇರಲಿಲ್ಲ, ಮಗಾ. ಇನ್ನೊಂದು ಹೊಯ್ಯಿ.”

ಹಂಡೆ ಖಾಲಿಯಾಗುವವರೆಗೂ ಹೊಯ್ದೆ.