ಗ್ಯಾಲರಿಯಲ್ಲಿ ತಿರುವಿ ನೋಡಿದ ಬಟ್ಟೆ

ಹುಬ್ಬಳ್ಳಿಯಿಂದ ಹೊರಟ ಬಸ್ಸು ಬೆಳಿಗ್ಗೆ ಮುಂಬಯಿ ಮುಟ್ಟಿತು. ಭಾಂಡುಪಿನ ಚಿಕ್ಕಮ್ಮನ ಮನೆಯಲ್ಲಿ ಸ್ನಾನ ಮುಗಿಸಿ ಅವಲಕ್ಕಿಗೆ ಕೂತೆ. "ಚಿತ್ರ ನೋಡಾಕ ಇಷ್ಟ ದೂರ ಬಂದಿಯೇನವಾ? ನಮ್ಮನ್ನ ನೋಡಾಕ ಒಮ್ಮೆರ ಬಂದಿಲ್ಲ" ಎಂದು ಚಿಕ್ಕಮ್ಮ ಚುಚ್ಚಿದರು. ಮಾತು ನಿಜವೇ.

ನನಗೆ ಜವಳಿ ವಿನ್ಯಾಸದ ಕೊನೆಯ ವರ್ಷ. ಕಾಲೇಜಿನ ಪ್ರದರ್ಶನಕ್ಕೆಂದು ನೇಯ್ದ ಎರಡು ನಮೂನೆಗಳನ್ನೂ ಸರ್ ವಾಪಸು ಕೊಟ್ಟಿದ್ದರು. "ಇಂಥಾವು ಅಂಗಡ್ಯಾಗ ರಗಡ ಸಿಗ್ತಾವ. ಇನ್ನೊಮ್ಮೆ ನೋಡ್ತೀನಿ. ಅದೂ ಹಿಂಗಾದ್ರ ನಿನಗ ಮಗ್ಗ ಕೊಡಂಗಿಲ್ಲ." ಮಗ್ಗವಿಲ್ಲದಿದ್ದರೆ ಪ್ರದರ್ಶನವೂ ಇಲ್ಲ. ನಾಲ್ಕು ಗ್ಯಾಲರಿ ಸುತ್ತಿದರೆ ಏನಾದರೂ ಹೊಳೆದೀತೆಂದು ಬಂದಿದ್ದೆ.

ಚಿಕ್ಕಮ್ಮನ ಮಗಳು ಶ್ರುತಿ ಜೊತೆಗೆ ಹೊರಟಳು. ಟಿಕೀಟು ಹದಿನೈದು ರೂಪಾಯಿ, ಸ್ಲೋ ಲೋಕಲ್, ಹೆಂಗಸರ ಡಬ್ಬಿ. ಪುಣ್ಯಕ್ಕೆ ಕಿಟಕಿ ಸಿಕ್ಕಿತು. ಆಚೆ ಕಂಡದ್ದು ಬಿಲ್ಡಿಂಗುಗಳ ಬೆನ್ನು, ತುಕ್ಕು ಹಿಡಿದ ಪೈಪು, ಒಣಹಾಕಿದ ಬಟ್ಟೆ. ಇದೆಂಥಾ ಊರಪ್ಪಾ ಎಂದು ಕಣ್ಣು ಮುಚ್ಚಿದೆ.

ಗ್ಯಾಲರಿಗಳಿರುವ ಫೋರ್ಟ್ ಭಾಗದಲ್ಲಿ ವಿಪರೀತ ಸೆಕೆ, ಗ್ಯಾಲರಿಗಳ ಒಳಗೆ ಚಳಿ. ಮೊದಲನೆಯದರಲ್ಲಿ ಆಳೆತ್ತರದ ಕುದುರೆಗಳು, ಎರಡನೆಯದರಲ್ಲಿ ಬರೀ ನೀಲಿ. ಚೆನ್ನಾಗಿಯೇ ಇದ್ದವು, ಆದರೆ ನನ್ನೊಳಗೆ ಏನೂ ಅಲುಗಲಿಲ್ಲ. ಬರಿಗೈಲಿ ಹೋಗಬೇಕಾದೀತೆಂದು ಭಯವಾಯಿತು.

ಮೂರನೆಯದರಲ್ಲಿ ಕೋಣೆಯ ನಡುವೆ ಒಂದು ನೇಯ್ಗೆ ತೂಗುಹಾಕಿದ್ದರು. ಬೂದು ಬಣ್ಣ, ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ. ಬಟ್ಟೆ ಕಂಡರೆ ನಮ್ಮ ಕೈ ಕೇಳುತ್ತದೆಯೇ? ಅಂಚು ಹಿಡಿದು ತಿರುವಿಯೇಬಿಟ್ಟೆ. ಅಬ್ಬಾ! ಹಿಂಬದಿಯಲ್ಲಿ ಕೆಂಪೆಳೆಗಳು ಒಂದರ ಮೇಲೊಂದು ಹಾದು, ಗಂಟು ಬಿದ್ದು, ಜೋತಾಡುತ್ತಿದ್ದವು. ಮುಂದೆ ಒಂದು ಚುಕ್ಕೆ ಕಾಣಿಸಲು ಎಳೆ ಹಿಂದೆ ಅಷ್ಟುದ್ದ ಓಡಿತ್ತು.

"ಎಕ್ಸ್‌ಕ್ಯೂಸ್ ಮಿ! ಡೋಂಟ್ ಟಚ್!" ಮೇಜಿನ ಹಿಂದಿದ್ದ ಹೆಂಗಸು ಓಡಿ ಬಂದಳು.

"ಅಕ್ಕಾ, ಕ್ಯಾ ಕರ್ ರಹೀ ಹೋ? ಇದು ಸೀರೆ ದುಕಾನ್ ಅಲ್ಲ!" ಶ್ರುತಿ ನನ್ನ ಕೈ ಎಳೆದಳು. ಸಾರಿ ಹೇಳಿ ಹೊರಬಿದ್ದೆವು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಉಡುಪಿ ಹೋಟೆಲಿನಲ್ಲಿ ಇಡ್ಲಿ ಬರುವವರೆಗೂ ಅವಳ ನಗು ನಿಲ್ಲಲಿಲ್ಲ. "ಫ್ರಂಟ್ ಬಿಟ್ಟು ಬ್ಯಾಕ್ ಯಾಕೆ ನೋಡೋದು?"

"ನೇಯೋರು ಮೊದ್ಲು ಅದನ್ನ ನೋಡ್ತೀವಿ. ಮಾಡಿದ ಕೆಲಸ ಅಲ್ಲೇ ಕಾಣ್ತೈತಿ."

ಮರಳುವಾಗ ಮತ್ತೆ ಅದೇ ಬಿಲ್ಡಿಂಗುಗಳ ಬೆನ್ನು. ಈ ಸಲ ಕಣ್ಣು ಮುಚ್ಚಲಾಗಲಿಲ್ಲ. ಒಂದು ಪೈಪು ಐದು ಮನೆಗಳನ್ನು ಹಾದು ಇಳಿದಿತ್ತು. ಒಂದು ಹಗ್ಗದ ಮೇಲೆ ಎರಡು ಮನೆಯವರ ಸೀರೆಗಳು ಒಣಗುತ್ತಿದ್ದವು. ಊರು ತನ್ನ ಗಂಟುಗಳನ್ನೆಲ್ಲ ರೈಲಿನ ಕಡೆಗೆ ಬಿಟ್ಟುಕೊಂಡಿತ್ತು. ಭಾಂಡುಪ್ ಬಂದದ್ದೂ ತಿಳಿಯಲಿಲ್ಲ. "ಉತರೋ ಅಕ್ಕಾ, ಇಳಿ!" ಎಂದು ಶ್ರುತಿ ಕೈ ಹಿಡಿದು ಎಬ್ಬಿಸಿದಳು.

ಹುಬ್ಬಳ್ಳಿಗೆ ಮರಳಿ ಹಾಸ್ಟೆಲಿನ ಸಣ್ಣ ಚೌಕಟ್ಟಿನಲ್ಲಿ ಗೇಣುದ್ದ ನೇಯ್ದೆ. ಬಟ್ಟೆಯ ನೆಲಬಣ್ಣ ಬೂದು. ಬಣ್ಣದ ಎಳೆಗಳನ್ನು ಕತ್ತರಿಸದೆ, ಗಂಟು ಬಚ್ಚಿಡದೆ, ಮುಂದೆಯೇ ಬಿಟ್ಟೆ. ಒಯ್ದು ಸರ್ ಕೈಗೆ ಕೊಟ್ಟೆ.

ಸರ್ ಹಿಡಿದವರೇ ರೂಢಿಯಂತೆ ತಿರುವಿದರು. ಹಿಂದೆ ಅಚ್ಚುಕಟ್ಟಾದ ಬೂದು, ಬೇರೇನಿಲ್ಲ.

"ಮುಂದಿನ ಮಗ್ಗುಲ ಯಾವುದು?"

"ನೀವು ಹೊಳ್ಳಿಸೋಕ್ಕಿಂತ ಮೊದ್ಲು ಕಂಡದ್ದು ಸರ್."

ಮತ್ತೆ ಹೊಳ್ಳಿಸಿದರು. ಸಡಿಲ ಎಳೆಯೊಂದನ್ನು ಬೆರಳಿನಿಂದ ಎತ್ತಿ, ಅದು ಎಲ್ಲಿಗೆ ಹೋಗುತ್ತದೆಂದು ಕೊನೆಯವರೆಗೂ ನೋಡಿದರು.

"ಕಿಟಕಿ ಕಡೆ ಮಗ್ಗ ಖಾಲಿ ಐತಿ" ಎಂದರು. ನಮೂನೆಯನ್ನು ಮಾತ್ರ ವಾಪಸು ಕೊಡಲಿಲ್ಲ.